ನಡುಗುವ ಜೀವಕ್ಕೆ ಎಷ್ಟು ದೂರ ಬೇಕು?

ಇಂದಿನ ಧಮ್ಮ ಚಿಂತನೆ



ಕರಣೀಯ ಮೆತ್ತ ಸುತ್ತವನ್ನು ನಾವು ವಾರವಾರವೂ ಪಠಿಸುತ್ತೇವೆ. ಯಾವ ಯಾವ ಜೀವಿಗಳಿಗೆ ಒಳಿತಾಗಬೇಕು ಎಂದು ಹೇಳುವ ಕಡೆ ಅದರಲ್ಲಿ ಉದ್ದ, ಗಿಡ್ಡ, ಕಂಡವು, ಕಾಣದವು, ಹತ್ತಿರದವು, ದೂರದವು ಎಂದು ಸಾಲು ಸಾಲಾಗಿ ಪದಗಳು ಬರುತ್ತವೆ. ಇವೆಲ್ಲಕ್ಕೂ ಮೊದಲು ಬರುವ ಜೋಡಿ ‘ತಸ’ ಮತ್ತು ‘ಥಾವರ’. ಪಠಣದ ಓಟದಲ್ಲಿ ಇವೆರಡೂ ನಾಲಿಗೆಯಿಂದ ಜಾರಿ ಹೋಗುತ್ತವೆ. ನಾನು ಕನ್ನಡ ಎಂ.ಎ. ಮಾಡಿದವಳು, ಪದ ಕಂಡರೆ ನಿಲ್ಲುವ ಚಟ. ಥಾವರ ಅಂದರೆ ಸ್ಥಾವರ, ವಚನ ಓದಿದ ಯಾರಿಗೂ ಹೊಸದಲ್ಲ. ತಸ ಅಂದರೆ ತ್ರಸ. ಜೈನ ಗ್ರಂಥಗಳಲ್ಲಿ ಚಲಿಸುವ ಜೀವಿಗಳಿಗೆ ಈ ಹೆಸರಿದೆ. ಆದರೆ ಧಾತುವಿನ ಅರ್ಥ ನಡುಗುವುದು, ಅಂಜುವುದು. ನಮ್ಮ ಕಲಬುರಗಿ ಕಡೆ ದಿನಕ್ಕೆ ಹತ್ತು ಸಲ ‘ಭಾಳ ತ್ರಾಸ ಆಗ್ಯದ’ ಅನ್ನುತ್ತೇವಲ್ಲ, ಆ ತ್ರಾಸವೂ ಇದೇ ಬೇರಿನದು.

ಈ ಸುತ್ತದ ಅಟ್ಠಕಥೆ ಇನ್ನೂ ಒಂದು ಮಾತು ಹೇಳುತ್ತದೆ. ತೃಷ್ಣೆ ಮತ್ತು ಭಯ ಯಾರಲ್ಲಿ ಉಳಿದಿದೆಯೋ ಅವರೆಲ್ಲ ತಸರು. ಅವೆರಡನ್ನೂ ಕಳೆದುಕೊಂಡ ಅರಹಂತರು ಮಾತ್ರ ಥಾವರರು. ಅಂದರೆ ನಮ್ಮ ಗುಂಪಿನ ನಲವತ್ತು ಚಿಲ್ಲರೆ ಮಂದಿಯೂ, ನಮ್ಮ ಮನೆಯ ಬೆಳ್ಳಿ ಎಂಬ ನಾಯಿಯೂ, ಸದ್ಯಕ್ಕೆ ಒಂದೇ ಪಟ್ಟಿಯಲ್ಲಿದ್ದೇವೆ.

ಬೆಳ್ಳಿಯ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ. ಗುಂಪಿನ ಹಿರಿಯರೊಬ್ಬರು ಮೊನ್ನೆಯೇ ಕೇಳಿದ್ದರು, “ಮಂದಿ ತ್ರಾಸೇ ಇಷ್ಟು ಬಿದ್ದಾವ, ನಾಯಿ ಸುದ್ದಿ ಯಾಕ್ರಿ ಮೇಡಂ?” ಅವರ ಪ್ರಶ್ನೆ ಸಣ್ಣದಲ್ಲ. ಮಹಾಡದ ಚೌದಾರ್ ಕೆರೆಯಲ್ಲಿ ದನ ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಬೊಗಸೆಯಲ್ಲಿ ಎತ್ತಬೇಕಾಯಿತು. ನಾಯಿಯ ಜೊತೆ ಹೋಲಿಸಿಕೊಂಡು ಅವಮಾನ ಉಂಡವರ ಮೊಮ್ಮಕ್ಕಳು ನಾವು. ಹಾಗಾಗಿ ನಾಯಿಯ ಮಾತು ಬಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಮೈ ಬಿಗಿಯುತ್ತದೆ, ಅದು ಸಹಜ. ಆದರೆ ನಾನು ಹೀಗೆ ನೋಡುತ್ತೇನೆ. ಆ ಕೆರೆಯಲ್ಲಿ ನಾಯಿಗೆ ನೀರು ಬಿಟ್ಟದ್ದು ತಪ್ಪಾಗಿರಲಿಲ್ಲ. ಮನುಷ್ಯರಿಗೆ ಬಿಡದೇ ಇದ್ದದ್ದು ತಪ್ಪು. ನಾಯಿಯ ಮೇಲೆ ನಮಗೆ ಯಾವ ಬಾಕಿಯೂ ಇಲ್ಲ.

ಬೆಳ್ಳಿ ನಮ್ಮ ಮನೆಗೆ ಬಂದಾಗ ಆರೇಳು ತಿಂಗಳ ನಾಯಿ. ಬಡಾವಣೆಯ ಖಾಲಿ ಸೈಟಿನಲ್ಲಿ, ಕಬ್ಬಿಣದ ಸರಳುಗಳ ಕೆಳಗೆ ಒಂಟಿಯಾಗಿ ಸಿಕ್ಕಿತು. ಹಿಂಗಾಲಿನ ಮೇಲೆ ಹಳೆಯ ಬಾಸುಂಡೆ ಇತ್ತು. ನಮ್ಮ ಮನೆಯ ಮೂವರಿಗೆ ಹದಿನೈದು ದಿನದಲ್ಲಿ ಹೊಂದಿಕೊಂಡಿತು, ರಾತ್ರಿ ನನ್ನ ಮಗಳ ಹಾಸಿಗೆಯ ಬುಡದಲ್ಲೇ ಮಲಗುತ್ತದೆ. ಆದರೆ ಗೇಟಿನ ಚಿಲಕ ಸದ್ದಾದರೆ ಬೇರೆಯದೇ ಪ್ರಾಣಿ. ಗ್ಯಾಸ್ ಸಿಲಿಂಡರ್ ತರುವವರು, ಹೆಲ್ಮೆಟ್ ಹಾಕಿದವರು, ಹೆಗಲಿಗೆ ಚೀಲ ಇಳಿಬಿಟ್ಟವರು, ಅದರಲ್ಲೂ ಕೈಯಲ್ಲಿ ಬಡಿಗಿ ಹಿಡಿದವರು ಬಂದರೆ ಮೊದಲು ಬಾಲ ಹೊಟ್ಟೆಯ ಕೆಳಗೆ ಹೋಗುತ್ತದೆ, ಆಮೇಲೆ ಬೊಗಳು, ಆಮೇಲೂ ಆ ಮನುಷ್ಯ ಮುಂದೆ ಬಂದರೆ ಹಲ್ಲು.

ಧಮ್ಮಪದದ ಹತ್ತನೆಯ ವರ್ಗದ ಹೆಸರೇ ದಂಡವಗ್ಗ. ಕೋಲು ಎತ್ತಿದಾಗ ಜೀವಿಗಳಿಗೆ ಏನಾಗುತ್ತದೆ ಎಂಬುದರಿಂದಲೇ ಅದು ಶುರುವಾಗುತ್ತದೆ. ಅಲ್ಲಿ ಬರುವ ಕ್ರಿಯಾಪದವೂ ಇದೇ ತಸ. ಬೆಳ್ಳಿಗೆ ಪಾಳಿ ಗೊತ್ತಿಲ್ಲ, ಆ ವರ್ಗ ಮಾತ್ರ ಅದರ ಹಿಂಗಾಲಿನ ಮೇಲೆ ಬರೆದಿದೆ.

ಒಂದು ದಿನ ನಮ್ಮ ದೂರದ ಸಂಬಂಧಿಯೊಬ್ಬರು ಬಂದರು. “ನಾಯಿ ಅಂದ್ರ ನನಗ ಭಾಳ ಪ್ರೀತಿ, ನಂಗ ಯಾವ ನಾಯೂ ಏನೂ ಮಾಡಂಗಿಲ್ಲ” ಎನ್ನುತ್ತ, ಬೇಡ ಬೇಡ ಎಂದರೂ ಕೇಳದೆ, ಮೂಲೆಯಲ್ಲಿದ್ದ ಬೆಳ್ಳಿಯ ಮೇಲೆ ಬಾಗಿ ತಲೆಗೆ ಕೈ ಹಾಕಿದರು. ಅದಕ್ಕೆ ಹಿಂದೆ ಗೋಡೆ, ಮುಂದೆ ಮನುಷ್ಯ. ಅಂಗಿಯ ತೋಳು ಹರಿಯಿತು. ಚರ್ಮಕ್ಕೆ ತಾಗಲಿಲ್ಲ, ಪುಣ್ಯ. ಸುದ್ದಿ ಓಣಿಯೆಲ್ಲ ಹಬ್ಬಿತು. ಮೇಲಿನ ಮನೆಯಲ್ಲಿ ಆರು ವರ್ಷದ ಕೂಸಿದೆ. ಆ ಕೂಸಿನ ತಾಯಿ ನಮ್ಮ ಬಾಗಿಲ ಮುಂದೆ ನಿಂತು, ಜಗಳವಾಡದೆ, ಮೆಲ್ಲಗೆ ಕೇಳಿದಳು, “ಅಕ್ಕಾ, ನಾಳೆ ನನ್ನ ಮಗಳಿಗಿ ಕಡದ್ರ?” ಮನೆ ಮಾಲೀಕರು ಜಗಳದ ದನಿಯಲ್ಲೇ ಹೇಳಿದರು, ಎರಡು ತಿಂಗಳಲ್ಲಿ ಸರಿ ಮಾಡಿ, ಇಲ್ಲದಿದ್ದರೆ ಊರ ಹೊರಗೆ ಬಿಟ್ಟು ಬನ್ನಿ. ಆ ತಾಯಿಯ ಪ್ರಶ್ನೆಗೆ ಪ್ರೀತಿ, ಕರುಣೆ ಎಂಬ ಮಾತುಗಳು ಉತ್ತರವಲ್ಲ. ಆ ಕೂಸೂ ತಸವೇ.

ಆಗ ಸಿಕ್ಕ ಸಲಹೆಗಳನ್ನು ಬರೆದರೆ ಒಂದು ಪುಸ್ತಕ. ಹೆಚ್ಚಿನವರು ಹೇಳಿದ್ದು ಒಂದೇ: ಶರಣಬಸವೇಶ್ವರ ಜಾತ್ರೆಗೆ ಕರಕೊಂಡು ಹೋಗ್ರಿ, ಗದ್ದಲದಾಗ ನಿಲ್ಲಸ್ರಿ, ಒಂದೇ ದಿನದಾಗ ಅಂಜಿಕಿ ಬಿಡ್ತದ. ನಮ್ಮ ಗುಂಪಿನ ಒಬ್ಬರು ಇದಕ್ಕೆ ಸುತ್ತದ ಆಧಾರವನ್ನೂ ಕೊಟ್ಟರು. ಭಯಭೇರವ ಸುತ್ತದಲ್ಲಿ ಬುದ್ಧರೇ ಹೇಳಿಲ್ಲವೇ, ಬೋಧಿ ಪಡೆಯುವ ಮೊದಲು ಅಷ್ಟಮಿ, ಚತುರ್ದಶಿ, ಹದಿನೈದನೆಯ ರಾತ್ರಿಗಳಲ್ಲಿ ಮೈ ನವಿರೇಳಿಸುವ ಕಾಡಿನ ಗುಡಿಗಳಿಗೆ ಹುಡುಕಿಕೊಂಡು ಹೋಗಿ ಕೂರುತ್ತಿದ್ದೆ ಎಂದು? ಯಾವುದೋ ಮೃಗ ಬಂದಾಗ, ನವಿಲು ಕಡ್ಡಿ ಬೀಳಿಸಿದಾಗ, ಗಾಳಿಗೆ ತರಗೆಲೆ ಸರಸರ ಎಂದಾಗ ಭಯ ಬಂತು. ನಡೆಯುತ್ತಿದ್ದಾಗ ಬಂದರೆ ನಡೆಯುತ್ತಲೇ, ಕೂತಿದ್ದಾಗ ಬಂದರೆ ಕೂತೇ, ಅದು ಇಳಿಯುವ ತನಕ ಭಂಗಿ ಬದಲಿಸಲಿಲ್ಲ. ಹಾಗೆಯೇ ನಾಯಿಯೂ ಎದುರಿಸಲಿ ಎಂಬುದು ಅವರ ವಾದ.

ಸುತ್ತ ಸರಿ, ಅದನ್ನು ಇಲ್ಲಿಗೆ ತಂದದ್ದು ಸರಿಯಲ್ಲ. ಸಿದ್ಧಾರ್ಥ ಆ ಕಾಡಿಗೆ ತಾನೇ ಹೋದರು. ಯಾರೂ ಕೊರಳಿಗೆ ಹಗ್ಗ ಹಾಕಿ ಎಳೆದೊಯ್ದಿರಲಿಲ್ಲ. ಎದ್ದು ಬರುವ ದಾರಿ ಪ್ರತಿ ಕ್ಷಣವೂ ತೆರೆದಿತ್ತು, ಎದ್ದು ಬರಲಿಲ್ಲ, ಅದಕ್ಕೇ ಅದು ಧೈರ್ಯ. ಹಗ್ಗ ಕಟ್ಟಿ ಜಾತ್ರೆಯ ನಡುವೆ ನಿಲ್ಲಿಸಿದ ನಾಯಿಗೆ ಆ ದಾರಿ ಇಲ್ಲ. ಅದು ಮೊದಲು ಜಗ್ಗುತ್ತದೆ, ಆಮೇಲೆ ಅರಚುತ್ತದೆ, ಕೊನೆಗೆ ಸುಮ್ಮನಾಗುತ್ತದೆ. ನೋಡುವವರು ‘ಈಗ ಅಂಜಿಕಿ ಹೋಯ್ತು’ ಅನ್ನುತ್ತಾರೆ. ಹೋಗಿದ್ದು ಅಂಜಿಕೆಯಲ್ಲ, ತಪ್ಪಿಸಿಕೊಳ್ಳಬಹುದು ಎಂಬ ಆಸೆ. ಕೈಚೆಲ್ಲಿ ಕೂತ ಜೀವವನ್ನು ಶಾಂತ ಜೀವ ಎಂದು ತಿಳಿಯುವ ಈ ಅಭ್ಯಾಸ ನಮ್ಮ ಶಾಲೆಗಳಲ್ಲೂ ಇದೆ, ಅದು ಬೇರೆ ದಿನದ ಚಿಂತನೆ.

ಮತ್ತೆ ಮಾಡುವುದೇನು? ಮೊದಲು ಪಶುವೈದ್ಯರ ಹತ್ತಿರ ಹೋದೆ. ಕಿವಿಯ ಸೋಂಕು, ಹಲ್ಲುನೋವು, ಸಂದುನೋವು ಇದ್ದರೂ ನಾಯಿ ಹೀಗೆ ಸಿಡುಕುತ್ತದೆ, ಅದನ್ನು ನೋಡದೆ ಬೇರೆ ಯಾವ ಉಪಾಯವೂ ಬೇಡ ಎಂದರು. ಬೆಳ್ಳಿಗೆ ನೋವಿರಲಿಲ್ಲ. ರೇಬೀಸ್ ಲಸಿಕೆ ಆಯಿತು. ಅವರು ಹೇಳಿದ ಒಂದು ವಿಷಯ ಮನಸ್ಸಿನಲ್ಲಿ ಉಳಿಯಿತು. ಮರಿಗೆ ಮೂರು ವಾರದಿಂದ ಹನ್ನೆರಡು, ಹದಿನಾಲ್ಕು ವಾರದ ತನಕ ಲೋಕಕ್ಕೆ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಆಗ ನೋಡಿದ ಮನುಷ್ಯರು, ಸದ್ದು, ವಾಸನೆಗಳೆಲ್ಲ ‘ನಮ್ಮವು’ ಆಗುತ್ತವೆ. ಆ ಕಾಲದಲ್ಲಿ ಒಳ್ಳೆಯ ಮನುಷ್ಯರನ್ನು ಕಾಣದ ಮರಿಗೆ ಆಮೇಲೆ ಪ್ರತಿ ಹೊಸ ಮುಖವೂ ಗಡಿಯಾಚೆಯದ್ದೇ. ಆ ಬಾಗಿಲನ್ನು ಮತ್ತೆ ಪೂರ್ತಿ ತೆಗೆಯಲಾಗದು. ಕಿಂಡಿ ತೆಗೆಯಬಹುದು.

ಆ ಕಿಂಡಿಯ ಕೆಲಸಕ್ಕೆ ಬೇಕಾದ್ದು ದೂರ ಮತ್ತು ಬೇಯಿಸಿದ ಮೊಟ್ಟೆ. ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಬಡಾವಣೆಯ ಖಾಲಿ ಸೈಟಿನಿಂದ ರಸ್ತೆ ಕಾಣುತ್ತದೆ. ಬೆಳಿಗ್ಗೆ ಆರರ ಹೊತ್ತಿಗೆ, ಬಿಸಿಲು ಏರುವ ಮೊದಲು, ಅಲ್ಲಿಗೆ ಹೋಗುತ್ತಿದ್ದೆವು. ರಸ್ತೆಯಿಂದ ಅರವತ್ತು ಅಡಿ ದೂರದಲ್ಲಿದ್ದರೆ ಬೆಳ್ಳಿ ಹೋಗುವವರನ್ನು ನೋಡುತ್ತದೆ, ಕಿವಿ ನಿಮಿರಿಸುತ್ತದೆ, ಆದರೆ ಮೊಟ್ಟೆ ಕೊಟ್ಟರೆ ತಿನ್ನುತ್ತದೆ. ನಲವತ್ತು ಅಡಿಗೆ ಬಂದರೆ ತಿನ್ನುವುದಿಲ್ಲ. ಹಸಿದ ನಾಯಿ ಮೊಟ್ಟೆ ಬಿಟ್ಟಿತು ಎಂದರೆ ಅದರ ಮೈಯೆಲ್ಲ ಅಂಜಿಕೆ ತುಂಬಿದೆ, ಅಲ್ಲಿ ಕಲಿಕೆಗೆ ಜಾಗವಿಲ್ಲ. ಹಾಗಾಗಿ ನಮ್ಮ ಪಾಠಶಾಲೆ ಅರವತ್ತು ಅಡಿಯಲ್ಲಿ ಶುರುವಾಯಿತು. ಯಾರಾದರೂ ಕಾಣಿಸಿಕೊಂಡರೆ ಕಡಲೆಕಾಳಿನಷ್ಟು ಮೊಟ್ಟೆಯ ಚೂರು. ಆ ಮನುಷ್ಯ ಮರೆಯಾದರೆ ಮೊಟ್ಟೆಯೂ ಬಂದ್. ಅನುಕ್ರಮ ಮುಖ್ಯ: ಮೊದಲು ಮನುಷ್ಯ, ಆಮೇಲೆ ಮೊಟ್ಟೆ. ತಿರುವುಮುರುವಾದರೆ ಮೊಟ್ಟೆ ಕಂಡ ಕೂಡಲೇ ‘ಯಾರೋ ಬಂದರು’ ಎಂದು ನಾಯಿ ಹೆದರಲು ಕಲಿಯುತ್ತದೆ. ಇದರಲ್ಲಿ ನಮ್ಮ ಶೋಧವೇನೂ ಇಲ್ಲ, ರಷ್ಯಾದ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ನಾಯಿಗಳ ಜೊಲ್ಲು ಅಳೆಯುತ್ತ ಕಂಡುಕೊಂಡದ್ದು. ಪಟಿಚ್ಚಸಮುಪ್ಪಾದ ಓದಿದ ನಮಗೆ ಇದು ಅಚ್ಚರಿಯಾಗಬಾರದು. ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ಅಪರಿಚಿತ ಮುಖವನ್ನು ಕಂಡಾಗ ಏಳುವ ದುಃಖ ವೇದನೆಯ ಜಾಗದಲ್ಲಿ, ಚೂರು ಚೂರಾಗಿ, ಸುಖ ವೇದನೆಯನ್ನು ಕೂರಿಸುವುದು.

ಐದನೆಯ ವಾರಕ್ಕೆ ರಸ್ತೆಯಲ್ಲಿ ಯಾರೋ ಬಂದರೆ ಬೆಳ್ಳಿ ಅವರನ್ನು ನೋಡಿ, ತಟ್ಟನೆ ನನ್ನ ಮುಖ ನೋಡಿತು. ‘ಎಲ್ಲಿ ಮೊಟ್ಟೆ?’ ಆ ದಿನ ನನಗೆ ಆದ ಖುಷಿ ಹತ್ತನೆಯ ತರಗತಿಯ ಫಲಿತಾಂಶದ ದಿನವೂ ಆಗಿಲ್ಲ. ಆಮೇಲೆ ಐವತ್ತೈದು ಅಡಿ. ಹೀಗೆ ವಾರಕ್ಕೆ ನಾಲ್ಕೈದು ಅಡಿ. ಎರಡು ತಿಂಗಳ ಗಡುವು ಇದರ ನಡುವೆಯೇ ಮುಗಿಯಿತು. ಮಾಲೀಕರನ್ನು ಒಂದು ಬೆಳಿಗ್ಗೆ ಸೈಟಿಗೆ ಕರೆದೊಯ್ದು ತೋರಿಸಿದೆ, ಮಾತಾಡದೆ ನೋಡಿದರು, ಮತ್ತೆ ಗಡುವಿನ ಸುದ್ದಿ ಎತ್ತಲಿಲ್ಲ. ದೀಪಾವಳಿಯ ಪಟಾಕಿಯ ನಂತರ ಮತ್ತೆ ಅರವತ್ತಕ್ಕೆ ಹೋಗಬೇಕಾಯಿತು. ಒಂದು ಹೆದರಿಕೆ ಮೈಯಿಂದ ಇಳಿಯುವ ಮೊದಲೇ ಇನ್ನೊಂದು, ಮತ್ತೊಂದು ಬಂದು ಕೂತರೆ ಸಣ್ಣದಕ್ಕೂ ನಾಯಿ ಸಿಡಿಯುತ್ತದೆ. ಅಂಥ ದಿನ ಪಾಠಕ್ಕೆ ರಜೆ.

ಇಷ್ಟರಲ್ಲಿ ನಾನು ಕಲಿತದ್ದು ನೋಡುವುದನ್ನು. ನಿದ್ದೆ ಇಲ್ಲದೆ ಆಕಳಿಸುವುದು, ಎದುರಿಗೆ ತಿನಿಸಿಲ್ಲದೆ ಮೂಗು ನೆಕ್ಕಿಕೊಳ್ಳುವುದು, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಮಾತ್ರ ತೋರಿಸುವುದು, ಒಂದು ಮುಂಗಾಲು ಎತ್ತಿ ಹಿಡಿಯುವುದು, ಒದ್ದೆಯಾಗದಿದ್ದರೂ ಮೈ ಕೊಡವುವುದು. ಬೊಗಳುವ ಎಷ್ಟೋ ಮೊದಲೇ ನಾಯಿ ಇಷ್ಟೆಲ್ಲ ಹೇಳಿರುತ್ತದೆ. ನಾವು ಕೇಳಿಸಿಕೊಳ್ಳದ ಕಾರಣ ದನಿ ಏರಿಸುತ್ತದೆ. ಗುರ್ ಅನ್ನುವುದೂ ಒಂದು ಮಾತೇ: ದಯವಿಟ್ಟು ನಿಲ್ಲು, ನನಗೆ ಕಚ್ಚಲು ಇಷ್ಟವಿಲ್ಲ. ಗುರ್ ಎಂದಿದ್ದಕ್ಕೆ ಬಡಿದರೆ ನಾಯಿ ಗುರ್ ಅನ್ನುವುದನ್ನು ಬಿಡುತ್ತದೆ, ಅಂಜುವುದನ್ನು ಬಿಡುವುದಿಲ್ಲ. ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ‘ಸುಮ್ಮನಿದ್ದ ನಾಯಿ ಏಕಾಏಕಿ ಕಚ್ಚಿತು’ ಎಂಬ ಸುದ್ದಿಗಳ ಹಿಂದೆ ಬಾಯಿ ಮುಚ್ಚಿಸಿದ ಚರಿತ್ರೆ ಎಷ್ಟಿದೆಯೋ. ಇನ್ನೊಂದು ತಪ್ಪು ತಿಳಿವಳಿಕೆ, ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎನ್ನುವುದು. ಗುಡುಗಿಗೆ ಹೆದರಿ ಓಡಿ ಬಂದ ಕೂಸನ್ನು ಅಪ್ಪಿಕೊಂಡರೆ ಅದು ಗುಡುಗನ್ನು ಹೆಚ್ಚು ಹೆದರುತ್ತದೆಯೇ? ತಾನಾಗಿ ಬಂದು ಮಡಿಲು ಸೇರಿದರೆ ಸೇರಿಸಿಕೊಳ್ಳಿ.

ಆ ಸಂಬಂಧಿಕರ ಮಾತಿಗೆ ಮತ್ತೆ ಬರುತ್ತೇನೆ. ಅವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಕೈ ಚಾಚಿದರು. ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಬ್ರಹ್ಮವಿಹಾರಗಳಿಗೆ ದೂರದ ಶತ್ರು, ಹತ್ತಿರದ ಶತ್ರು ಎಂದು ಎರಡೆರಡು ಹೇಳುತ್ತಾರೆ. ಮೆತ್ತೆಗೆ ದೂರದ ಶತ್ರು ದ್ವೇಷ. ಅದನ್ನು ಯಾರೂ ಗುರುತು ಹಿಡಿಯಬಹುದು. ಹತ್ತಿರದ ಶತ್ರು ರಾಗ, ಅಂಟು. ಅದು ಮೆತ್ತೆಯದೇ ಅಂಗಿ ತೊಟ್ಟು ಬರುತ್ತದೆ. ‘ಈ ನಾಯಿ ಚೆನ್ನಾಗಿರಲಿ’ ಎನ್ನುವುದು ಮೆತ್ತೆ. ‘ಈ ನಾಯಿ ನನ್ನನ್ನು ಇಷ್ಟಪಡಲಿ, ಈಗಲೇ, ಎಲ್ಲರ ಮುಂದೆ’ ಎನ್ನುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಚಾಚಿದ ಕೈಯೇ. ನಾಯಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ, ಏಕೆಂದರೆ ಮೊದಲನೆಯದು ಕಾಯುತ್ತದೆ.

ಹಾಗೆ ಕಾದವರೊಬ್ಬರ ಬಗ್ಗೆ ಹೇಳಬೇಕು. ನಮ್ಮ ಪಕ್ಕದ ಮನೆಯ ಕಾಕಾ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಎರಡನೆಯ ಹಂತಕ್ಕೆ ಪರಿಚಯವಿಲ್ಲದ ಮನುಷ್ಯ ಬೇಕಿತ್ತು. “ನಾ ಏನ್ ಮಾಡಬೇಕು ಹೇಳವಾ” ಎಂದರು. “ಏನೂ ಮಾಡಬ್ಯಾಡ್ರಿ ಕಾಕಾ, ಅದೇ ಕಷ್ಟದ ಕೆಲಸ” ಎಂದೆ. ದಿನಾ ಸಂಜೆ ನಮ್ಮ ಅಂಗಳದ ಗೇಟಿನ ಹತ್ತಿರ ಕುರ್ಚಿ ಹಾಕಿ, ಬೆಳ್ಳಿಗೆ ಪಕ್ಕೆ ಕೊಟ್ಟು ಕೂತು ಪೇಪರ್ ಓದುವುದು. ಕಣ್ಣಿಗೆ ಕಣ್ಣಿಟ್ಟು ನೋಡುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ. ಆಗಾಗ ಒಂದು ಚೂರು ಮೊಟ್ಟೆಯನ್ನು ಬೆಳ್ಳಿಯ ಮುಂದಲ್ಲ, ಅದರ ಹಿಂದಕ್ಕೆ ಎಸೆಯುವುದು. ಇದು ಯಾಕೆಂದರೆ, ಕೈಯಲ್ಲಿ ತಿನಿಸು ಹಿಡಿದು ಕರೆದರೆ ಆಸೆಗೆ ನಾಯಿ ತನ್ನ ಧೈರ್ಯಕ್ಕಿಂತ ಹತ್ತಿರ ಬಂದುಬಿಡುತ್ತದೆ. ತಿನಿಸು ಮುಗಿದ ಕೂಡಲೇ ‘ಅಯ್ಯೋ, ನಾನೆಲ್ಲಿದ್ದೇನೆ’ ಎಂದು ಗಾಬರಿಯಾಗಿ ಕಚ್ಚುವುದು ಆಗಲೇ. ಹಿಂದಕ್ಕೆ ಎಸೆದರೆ ತಿನ್ನಲು ದೂರ ಹೋಗುತ್ತದೆ, ಹಗುರಾಗುತ್ತದೆ, ಬೇಕಾದರೆ ತಾನೇ ಮರಳುತ್ತದೆ. ಹೋಗುವುದೂ ಬರುವುದೂ ಅದರದ್ದೇ ತೀರ್ಮಾನ.

ಇಪ್ಪತ್ತು ದಿನ ಕಾಕಾ ಹಾಗೇ ಕೂತರು. ಇಪ್ಪತ್ತೊಂದನೆಯ ಸಂಜೆ ಬೆಳ್ಳಿ ಕೊರಳು ಉದ್ದ ಮಾಡಿ, ಹಿಂಗಾಲು ಓಡಲು ತಯಾರಿಟ್ಟುಕೊಂಡು, ಅವರ ಚಪ್ಪಲಿ ಮೂಸಿತು. ಕಾಕಾ ಪುಟ ತಿರುವಲಿಲ್ಲ. ಆಮೇಲೆ ಹೇಳಿದರು, “ಉಸಿರೂ ಬಿಟ್ಟಿಲ್ಲವಾ ನಾ.” ಆನಾಪಾನಸತಿ ಶಿಬಿರಕ್ಕೆ ಅವರು ಯಾವತ್ತೂ ಹೋದವರಲ್ಲ.

ಭೀಮಾ ದಂಡೆಯ ಸನ್ನತಿಗೆ ನಮ್ಮಲ್ಲಿ ಬಹಳಷ್ಟು ಜನ ಹೋಗಿದ್ದೀರಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ವಿಗ್ರಹವೊಂದರ ಪೀಠವಾಗಿ ಬಿದ್ದಿದ್ದ ಕಲ್ಲಿನ ಮೇಲೆ 1980ರ ದಶಕದ ಕೊನೆಯಲ್ಲಿ ಅಶೋಕನ ಶಾಸನಗಳು ಸಿಕ್ಕವು. ಒಡಿಶಾದ ಧೌಲಿ ಮತ್ತು ಜೌಗಡ ಬಿಟ್ಟರೆ ‘ಪ್ರತ್ಯೇಕ ಶಾಸನ’ಗಳು ಎಂದು ಕರೆಯುವ ಎರಡು ಶಾಸನಗಳ ಭಾಗ ಸಿಕ್ಕಿದ್ದು ನಮ್ಮ ಜಿಲ್ಲೆಯ ಈ ಕಲ್ಲಿನ ಮೇಲೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಇವುಗಳ ತಾತ್ಪರ್ಯ ಹೇಳುತ್ತೇನೆ. ಕಳಿಂಗದಲ್ಲಿ ಲಕ್ಷ ಜನ ಸತ್ತಿದ್ದಾರೆ. ಗಡಿಯಾಚೆ ಇನ್ನೂ ಗೆಲ್ಲದ ಜನರಿದ್ದಾರೆ. ಈ ರಾಜನ ಮನಸ್ಸಿನಲ್ಲಿ ನಮ್ಮ ಬಗ್ಗೆ ಏನಿದೆಯೋ ಎಂದು ಅವರು ಅಂಜುವುದು ಸಹಜ. ಅಶೋಕ ತನ್ನ ಅಧಿಕಾರಿಗಳಿಗೆ ಹೇಳುವುದೇನೆಂದರೆ, ಅವರು ನನ್ನಿಂದ ಉದ್ವಿಗ್ನರಾಗದಿರಲಿ, ಆಶ್ವಾಸ ಪಡೆಯಲಿ, ನನ್ನಿಂದ ಅವರಿಗೆ ಸುಖ ಸಿಗಲಿ, ದುಃಖ ಬೇಡ ಎಂಬುದು ಅವರಿಗೆ ಮುಟ್ಟುವಂತೆ ನೀವು ನಡೆದುಕೊಳ್ಳಿ. ಉದ್ವಿಗ್ನ, ಆಶ್ವಾಸ ಎಂಬ ನಾವು ಇಂದಿಗೂ ಬಳಸುವ ಪದಗಳ ಪ್ರಾಕೃತ ರೂಪಗಳೇ ಆ ಶಾಸನದಲ್ಲಿವೆ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಹೇಳಬೇಕು, ನಡುನಡುವೆಯೂ ಹೇಳಬೇಕು, ಒಬ್ಬನೇ ಒಬ್ಬ ಕೇಳುಗನಿದ್ದರೂ ಹೇಳಬೇಕು. ಇನ್ನೊಂದು ಶಾಸನದಲ್ಲಿ ಅಧಿಕಾರಿಗಳನ್ನು ದಾರಿ ತಪ್ಪಿಸುವ ದೋಷಗಳನ್ನು ಹೇಳುತ್ತಾನೆ. ಅಸೂಯೆ, ಸಿಡುಕು, ಕ್ರೌರ್ಯ, ಆತುರ, ಸೋಮಾರಿತನ, ದಣಿವು. ಇವೆಲ್ಲವನ್ನೂ ಮೀರುವ ಮೂಲ ಯಾವುದೆಂದರೆ ಸಿಡುಕದೆ ಇರುವುದು, ಆತುರಪಡದೆ ಇರುವುದು.

ಗಡಿಯ ಜನರಿಗೆ ‘ಧೈರ್ಯ ತೆಗೆದುಕೊಳ್ಳಿ’ ಎಂದು ಅವನು ಆಜ್ಞೆ ಹೊರಡಿಸಲಿಲ್ಲ. ಅಂಜಿಕೆ ಅವರದ್ದು, ಕೆಲಸ ತನ್ನವರದ್ದು ಎಂದು ತಿಳಿದ. ಅಂಗುತ್ತರ ನಿಕಾಯದಲ್ಲಿ ಬುದ್ಧರು ಶೀಲಪಾಲನೆಯನ್ನೇ ದಾನ ಎನ್ನುತ್ತಾರೆ. ಕೊಲ್ಲುವುದನ್ನು ಬಿಟ್ಟವನು ಲೆಕ್ಕವಿಲ್ಲದಷ್ಟು ಜೀವಿಗಳಿಗೆ ಅಭಯವನ್ನು ಕೊಟ್ಟಂತೆ. ಅಭಯ ಕೊಡುವುದು ಎಂದರೆ ನನ್ನಿಂದ ಬರಬಹುದಾದ ಭಯವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದು.

ಇದನ್ನು ಬರೆಯುವಾಗ ನನ್ನ ಅಜ್ಜಿಯ ನೆನಪಾಗುತ್ತದೆ. ಹೋಲಿಕೆ ಮಾಡುತ್ತಿಲ್ಲ, ನೆನಪು ಅಷ್ಟೇ. ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಆಕೆ ಊರ ದೊಡ್ಡವರ ಮನೆಯ ಮುಂದೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದಳು. ನಾನು ನೋಡಿದ್ದು 1980ರ ದಶಕದಲ್ಲಿ. ಸಂವಿಧಾನದ 17ನೆಯ ವಿಧಿ ಬಂದು ಮೂವತ್ತು ವರ್ಷ ದಾಟಿತ್ತು, ಅವಳ ಪಾದಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ. “ಈಗ ಯಾರೂ ಏನೂ ಅನ್ನಂಗಿಲ್ಲ, ಅಂಜಬ್ಯಾಡ” ಎಂದು ಅಪ್ಪ ಎಷ್ಟು ಬೈದರೂ, ಆ ತಿರುವು ಬಂದ ಕೂಡಲೇ ಅವಳ ಕಾಲು ತಾನಾಗಿ ಚಪ್ಪಲಿ ಬಿಡುತ್ತಿತ್ತು. ಆಗ ನಮ್ಮೂರಿಗೆ ಒಬ್ಬ ನರ್ಸಬಾಯಿ ಬರುತ್ತಿದ್ದರು, ಬೇರೆ ಜಾತಿಯವರು. ಬಂದಾಗಲೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದರು. ಅಜ್ಜಿ ಮೊದಲು ‘ನೀರಿಲ್ಲ’ ಅಂದಳು. ಕೊಟ್ಟರೆ ಏನಾಗುತ್ತದೋ ಎಂಬ ಅಂಜಿಕೆ. ನರ್ಸಬಾಯಿ ಭಾಷಣ ಮಾಡಲಿಲ್ಲ, ಒತ್ತಾಯ ಮಾಡಲಿಲ್ಲ. ಮುಂದಿನ ವಾರ ಬಂದು ಮತ್ತೆ ಕೇಳಿದರು. ಎಷ್ಟು ವಾರವೋ ತಿಳಿಯದು, ಒಂದು ದಿನ ಅಜ್ಜಿ ತಂಬಿಗೆ ತಂದು, ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಅವರು ಕುಡಿದು, ತಂಬಿಗೆಯನ್ನು ಅಲ್ಲೇ ಇಟ್ಟು ಹೋದರು. ಕೈಯಿಂದ ಕೈಗೆ ತಂಬಿಗೆ ಬರಲು ಇನ್ನೊಂದು ಮಳೆಗಾಲ ಹಿಡಿಯಿತು.

ಬೆಳ್ಳಿಯ ವಿಷಯಕ್ಕೆ ಬಂದರೆ, ಈಗ ಎಂಟು ತಿಂಗಳಾಯಿತು. ಕಂಡವರ ಕಾಲು ನೆಕ್ಕುವ ನಾಯಿ ಅದು ಆಗಿಲ್ಲ, ಆಗುವುದೂ ಇಲ್ಲ, ಆಗಬೇಕೆಂದು ನನಗೂ ಇಲ್ಲ. ಯಾರಾದರೂ ಬಂದರೆ ಎದ್ದು ಒಳಕೋಣೆಯ ತನ್ನ ಚಾಪೆಗೆ ಹೋಗುತ್ತದೆ, ಅಲ್ಲಿಂದ ನೋಡುತ್ತದೆ, ಎಷ್ಟೋ ಸಲ ಅಲ್ಲೇ ನಿದ್ದೆ ಹೋಗುತ್ತದೆ. ಹೊರಗೆ ಹೋಗುವಾಗ ಬಾಯಿಕುಕ್ಕೆ ಹಾಕುತ್ತೇವೆ. ಎತ್ತಿಗೆ ಕಟ್ಟುವಂಥ ಬುಟ್ಟಿಯಾಕಾರದ್ದು, ಅದರೊಳಗೇ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಅದನ್ನೂ ಒಂದು ತಿಂಗಳು ಮೊಟ್ಟೆ ಕೊಟ್ಟು ರೂಢಿ ಮಾಡಿಸಿದ್ದು. ಕೆಲವರಿಗೆ ಅದು ಹಿಂಸೆ ಎನಿಸುತ್ತದೆ. ಮೇಲಿನ ಮನೆಯ ತಾಯಿಗೆ ನಾನು ಕೊಡಬಹುದಾದ ಅಭಯ ಅದೇ. ಅವಳು ಈಗ ಮೆಟ್ಟಿಲ ಮೇಲೆ ಕೂತು ಮಗಳ ತಲೆ ಬಾಚುತ್ತಾಳೆ. ಕೂಸಿಗೂ ಹೇಳಿಕೊಟ್ಟಿದ್ದೇವೆ: ನಾಯಿ ಮಲಗಿದಾಗ, ತಿನ್ನುವಾಗ ಹತ್ತಿರ ಹೋಗಬಾರದು, ಕಂಡರೆ ಓಡಬಾರದು, ಮರದಂತೆ ನಿಲ್ಲಬೇಕು. ಬೀದಿಯಲ್ಲಿ ಯಾವ ನಾಯಿ ಕಚ್ಚಿದರೂ, ತರಚಿದರೂ, ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಇದನ್ನು ಈ ಸಂದೇಶದ ಜೊತೆಗೆ ಮನೆಮನೆಗೂ ತಿಳಿಸಿ.

ಈ ಭಾನುವಾರದ ಅಧ್ಯಯನ ನಮ್ಮ ಮನೆಯಲ್ಲಿದೆ, ಸಂಜೆ 5ಕ್ಕೆ. ಪಾಠ ಮೆತ್ತ ಸುತ್ತದ್ದೇ. ಬರುವವರು ಗೇಟಿನ ಹೊರಗೆ ನಿಂತು ಫೋನ್ ಮಾಡಿ, ಚಿಲಕ ನಾನೇ ತೆಗೆಯುತ್ತೇನೆ. ಹೆಲ್ಮೆಟ್ ಹೊರಗೇ ತೆಗೆದಿಡಿ. ಕೋಲು ಹಿಡಿದು ಬರುವ ಹಿರಿಯರು ಸಂಕೋಚ ಮಾಡಿಕೊಳ್ಳಬೇಡಿ, ನಿಮಗೆ ಹಿಂಬಾಗಿಲಿನಿಂದ ಕುರ್ಚಿ ಹಾಕಿಸುತ್ತೇನೆ. ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ಅರ್ಧ ಹಲಗೆ ಇರುತ್ತದೆ, ಅದರ ಆಚೆಯಿಂದ ಒಂದು ಜೊತೆ ಕಣ್ಣು ನಿಮ್ಮನ್ನು ನೋಡುತ್ತಿರುತ್ತದೆ. ನೀವು ಆ ಕಡೆ ನೋಡಬೇಡಿ, ಕರೆಯಬೇಡಿ. ಪುಸ್ತಕ ನೋಡಿಕೊಂಡು ಕೂತಿರಿ.

ನಮೋ ಬುದ್ಧಾಯ. ಜೈಭೀಮ್.